ತಾಯಣ್ಣನ ಕಾರು ಕೂಗಲಿಲ್ಲ

"ಯಾರದು ನನ್ನ ಗಾಡಿಯೊಳಗ? ಹೊರಗ ಬಾ ಲೇ! ಹಾಡಹಗಲ ಕದಿಯಾಕ ಬಂದೀಯೇನು?"

1986ರ ಮೇ ತಿಂಗಳು. ಮಧ್ಯಾಹ್ನ ಎರಡೂವರೆ. ಆ ಹೊತ್ತಿನಲ್ಲಿ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಅಂಗಡಿಗಳವರೆಲ್ಲ ಅರ್ಧ ಬಾಗಿಲು ಎಳೆದುಕೊಂಡು ಚಾಪೆಯ ಮೇಲೆ ಬಿದ್ದುಕೊಂಡಿದ್ದರು. ಮೂಕಪ್ಪ ಮೇಸ್ತ್ರಿಯ ಆಟೋ ಎಲೆಕ್ಟ್ರಿಕ್ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ, ಒಂದು ಬಿಳಿ ಅಂಬಾಸಿಡರ್ ಕಾರು ನಿಂತಿತ್ತು.

ಅದರ ಯಜಮಾನ ತಾಯಣ್ಣ. ದೇವದುರ್ಗದವನು. ಆ ಕಾರು ಓಡಿಸಿಯೇ ಅವನ ಹೊಟ್ಟೆಪಾಡು. ಸಂಜೆ ಬರುತ್ತೇನೆ ಅಂದವನು ಯಾಕೋ ಮನಸ್ಸು ತಡೆಯದೆ ಎರಡೂವರೆಗೇ ಬಂದುಬಿಟ್ಟಿದ್ದ. ಕಿಟಕಿಯಿಂದ ಇಣುಕಿದರೆ... ಮುಂದಿನ ಸೀಟಿನ ಮೇಲೆ ಎರಡು ಕಾಲು! ತಲೆ ಕೆಳಗೆ ಡ್ಯಾಶ್‌ಬೋರ್ಡಿನ ಕತ್ತಲಲ್ಲಿ!

ತಾಯಣ್ಣನ ರಕ್ತ ಕುದಿಯಿತು. ಒಂದೇ ಏಟಿಗೆ ಬಾಗಿಲು ಎಳೆದ.

ಪೀಂ... ಪೀಂ... ಪೀಂ... ಪೀಂ...!

ಅಬ್ಬಬ್ಬಾ, ಅದೇನು ಕೂಗು! ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ತಾಯಣ್ಣ ಬೆದರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಒಳಗಿದ್ದ ತಲೆ ಸ್ಟೇರಿಂಗಿಗೆ 'ಠಣ್' ಅಂತ ಬಡಿಯಿತು.

"ಯವ್ವಾ... ಸತ್ನೆಪೋ!"

ಹೆಣ್ಣು ದನಿ!

ಒಂದು ಕೈ ಡ್ಯಾಶ್‌ಬೋರ್ಡಿನ ಕೆಳಗೆ ತಡಕಾಡಿ ಯಾವುದೋ ಸ್ವಿಚ್ಚು ಒತ್ತಿತು. ಕೂಗು ನಿಂತಿತು. ಆಮೇಲೆ ಮೆಲ್ಲಗೆ ಒಂದು ಮುಖ ಮೇಲೆ ಬಂತು. ಹಲ್ಲಿನ ನಡುವೆ ಟೆಸ್ಟರು, ಕೆನ್ನೆಯ ಮೇಲೆ ಮಸಿ, ಹಣೆಯ ಮೇಲೆ ಆಗಷ್ಟೇ ಏಳುತ್ತಿದ್ದ ಬುಗುಟು.

ತಾಯಣ್ಣ ಬಾಯಿ ತೆರೆದವನು ಮುಚ್ಚಲೇ ಇಲ್ಲ.

"ಹೆಣ್ಣುಮಕ್ಕಳ ಮ್ಯಾಲ ಹಿಂಗ ಒದರತಾರೇನ್ರಿ?" ಅವಳು ಟೆಸ್ಟರು ತೆಗೆದು ಕೇಳಿದಳು. ಸಿಟ್ಟಿನಲ್ಲಿ ಕಣ್ಣುಗಳು ಇನ್ನೂ ದೊಡ್ಡವಾಗಿದ್ದವು.

"ಅಲ್ರೀ... ನೀವು... ಮೂಕಪ್ಪ ಕಾಕಾ ಎಲ್ಲಿ?"

"ಯಪ್ಪ ಚಾ ಕುಡಿಯಾಕ ಹೋಗ್ಯಾನ."

"ಮತ್ತ ನನ್ನ ಗಾಡಿಯೊಳಗ ನೀವ್ಯಾಕ?"

ಅವಳು ಕೈಯಲ್ಲಿದ್ದ ಟೇಪಿನ ಸುರುಳಿ ನೋಡಿಕೊಂಡಳು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಅವಳ ಹೆಸರು ಮಾನಮ್ಮ. ಎರಡು ವರ್ಷದ ಹಿಂದೆ ಅವಳ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಆವತ್ತಿನಿಂದ ಆ ಅಂಗಡಿಯ ಕೆಲಸವೆಲ್ಲ ಅವಳದೇ. ಏಳನೇ ತರಗತಿ ಓದಿದ ಹುಡುಗಿ. ಆದರೆ ವೈರು ಮುಟ್ಟಿದರೆ ಸಾಕು, ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತಾಗುತ್ತಿತ್ತು. ಊರಿಗೆ ಮಾತ್ರ ಈ ಸಂಗತಿ ಗೊತ್ತಿರಲಿಲ್ಲ. ಮೂಕಪ್ಪ ಟೆಸ್ಟರು ಹಿಡಿದು ಮುಂದೆ ಕೂರುತ್ತಿದ್ದ. ಬಿಸಿಲಿಗೆ ರಸ್ತೆ ಖಾಲಿಯಾದಾಗ ಮಗಳು ಪರದೆಯ ಹಿಂದಿನಿಂದ ಹೊರಬಂದು ಕೆಲಸ ಮುಗಿಸುತ್ತಿದ್ದಳು. ಗಿರಾಕಿಯ ನೆರಳು ಕಂಡರೆ ಸಾಕು, ಮತ್ತೆ ಪರದೆಯೊಳಗೆ.

"ನಾನ ಮಾಡಿದ್ದು," ಅಂದಳು ಕೊನೆಗೆ. "ಯಾರ ಮುಂದೂ ಹೇಳಬ್ಯಾಡ್ರಿ. ಹೆಣ್ಣುಮಗಳು ಗಾಡಿ ಬಿಚ್ಚತಾಳ ಅಂತ ಗೊತ್ತಾದ್ರ ನಾಳಿಂದ ಒಂದು ಸೈಕಲ್ ಸೈತ ಬರೂದಿಲ್ಲ ಇಲ್ಲಿಗೆ."

ಆ ದನಿಯಲ್ಲಿ ಏನಿತ್ತೋ! ತಾಯಣ್ಣನ ಸಿಟ್ಟೆಲ್ಲ ಇಳಿದುಹೋಯಿತು.

"ಹೇಳೂದಿಲ್ರಿ. ನಮ್ಮವ್ವನ ಆಣಿ." ಅಷ್ಟರಲ್ಲಿ ಅವನಿಗೆ ತನ್ನ ಗಾಡಿಯ ನೆನಪಾಯಿತು. "ಆದ್ರ ಒಂದು... ನನ್ನ ಗಾಡಿ ವೈರು ಕತ್ತರಿಸಿಲ್ಲ ಹೌದಲ್ಲ?"

ಮಾನಮ್ಮನಿಗೆ ನಗು ಬಂತು. ಈ ಮನುಷ್ಯ ಗಾಡಿ ಬಿಡುವಾಗ ಅಪ್ಪನಿಗೆ ಹತ್ತು ಸಲ ಅದನ್ನೇ ಹೇಳಿದ್ದ. ಸೌದಿಗೆ ಹೋದ ಗೆಳೆಯ ಹುಸೇನಪೀರ ಕಳಿಸಿದ್ದ, ಕಳ್ಳರು ಬಾಗಿಲು ತೆಗೆದರೆ ಕೂಗುವ ಕಳ್ಳಗಂಟೆಯ ಡಬ್ಬಿ ಅದು. ಹಾಕಿ, ಆದರೆ ಗಾಡಿಯ ಒಂದು ವೈರನ್ನೂ ಕತ್ತರಿಸಬೇಡಿ, ಸಿಪ್ಪೆ ಸುಲಿಯಬೇಡಿ ಅಂತ ಅವನ ಕಟ್ಟಪ್ಪಣೆ.

"ಒಂದೂ ಕತ್ತರಿಸಿಲ್ರಿ. ಡಬ್ಬಿಗೆ ಮೂರು ವೈರು ಅವ. ಎರಡು ಬ್ಯಾಟರಿಗೆ ಕೊಟ್ಟೀನಿ. ಮೂರನೇದು ಬಾಗಿಲ ಸ್ವಿಚ್ಚಿಗೆ ಹೋಗೂದು. ಅದನ್ನ ಹಾಕಬೇಕಂದ್ರ ನಿಮ್ಮ ವೈರು ಸುಲೀಬೇಕು. ಅದಕ್ಕ ಟೇಪು ಸುತ್ತಿ ಹಂಗ ಬಿಟ್ಟೀನಿ. ಅದಿಲ್ಲದನೂ ಕೂಗ್ತದ."

"ಬಾಗಿಲಿಗೆ ಏನೂ ಜೋಡಿಸದ ಅದಕ್ಕ ಹೆಂಗ ಗೊತ್ತಾಗ್ತದ?"

ಅವಳ ಮುಖ ಅರಳಿತು. ಅವಳ ಕೆಲಸದ ಬಗ್ಗೆ ಇವತ್ತಿನವರೆಗೆ ಯಾರೂ ಅವಳನ್ನು ಒಂದು ಪ್ರಶ್ನೆ ಕೇಳಿದ್ದಿಲ್ಲ!

"ನೋಡ್ರಿ, ಬಾಗಿಲಾ ತೆಗದ ಕೂಡ್ಲೆ ಮ್ಯಾಲಿನ ಲೈಟು..."

"ಖ್ಖೊಂ... ಖ್ಖೊಂ..."

ಮೂಕಪ್ಪನ ಕೆಮ್ಮು! ಮಾನಮ್ಮ ಬೆಚ್ಚಿದಳು. ಗಿರಾಕಿಯೊಂದಿಗೆ ಮಾತಾಡುವುದನ್ನು ಅಪ್ಪ ಕಂಡರೆ ಮುಗಿಯಿತು. ಸೆರಗು ಸರಿಮಾಡಿಕೊಂಡು ಹಾರಿ ಇಳಿದವಳು ಪರದೆಯ ಹಿಂದೆ ಮಾಯವಾದಳು. ಅರ್ಧ ಹೇಳಿದ ಮಾತು ಅಷ್ಟಕ್ಕೇ ನಿಂತಿತು.

ಮೂಕಪ್ಪ ಬಂದು, ಎಡಗೈಯಲ್ಲಿ ಬಾನೆಟ್ಟು ತಟ್ಟಿ, ಎಲ್ಲ ತಾನೇ ಮಾಡಿದವನ ಹಾಗೆ ಹೇಳಿದ. "ಇಳಿವಾಗ ಕೆಳಗಿನ ಸ್ವಿಚ್ ಹಾಕು, ಬಾಗಿಲಾ ಹಾಕು, ನಿಶ್ಚಿಂತಿಲಿ ಹೋಗು. ಅಷ್ಟ."

ತಾಯಣ್ಣ ತಲೆಯಾಡಿಸಿದ. ಅವನ ಕಣ್ಣು ಪರದೆಯ ಮೇಲಿತ್ತು.

* * *

ಮುಂದಿನ ಮೂರು ವಾರ ಆ ಅಂಬಾಸಿಡರಿಗೆ ಬಾರದ ಕಾಯಿಲೆ ಇಲ್ಲ ನೋಡಿ!

ಸೋಮವಾರ ಹಾರ್ನು. ಗುರುವಾರ ವೈಪರು. ಮತ್ತೆ ಹಾರ್ನು. ಆಮೇಲೆ ಎಡಗಡೆಯ ಇಂಡಿಕೇಟರು. ದೇವದುರ್ಗದಿಂದ ರಾಯಚೂರಿಗೆ ಒಬ್ಬ ಸವಾರಿ ಸಿಕ್ಕರೆ ಸಾಕು, ತಾಯಣ್ಣನ ಗಾಡಿ ಸೀದಾ ಬೇವಿನ ಮರದ ಕೆಳಗೆ.

"ಕಾಕಾ, ನಿಮ್ಮ ಕೈಗುಣ ಭಾಳ ಚಲೋ ಅದ," ಅನ್ನುತ್ತಿದ್ದ, ಪರದೆಯ ಕಡೆ ತಿರುಗಿ, ಗಟ್ಟಿಯಾಗಿ.

"ಏನೋಪಾ, ಶರಣರ ದಯಾ," ಅನ್ನುತ್ತಿದ್ದ ಮೂಕಪ್ಪ.

"ಖರೇ ಹೇಳತೀನಿ. ಇಂಥ ಕೈ ನಾ ಎಲ್ಲೂ ನೋಡಿಲ್ಲ. ಆ ಕೈಗೆ ಹಸಿರು ಬಳಿ ತೊಡಿಸಬೇಕು ಅನಸ್ತದ!"

ಮೂಕಪ್ಪ ತನ್ನ ಬಿದ್ದುಹೋದ ಕೈಯನ್ನೊಮ್ಮೆ, ಹುಡುಗನ ಮುಖವನ್ನೊಮ್ಮೆ ನೋಡಿದ. "ಬಿಸಿಲಿಗೆ ತಲಿ ಕೆಟ್ಟದೇನೋ ತಮ್ಮಾ ನಿನಗ? ನೀರು ಕುಡಿ."

ಪರದೆಯ ಹಿಂದೆ ಮಾನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು.  'ಈ ಮನಷ್ಯಾಗ ನಾಚಿಕಿ ಅನ್ನೂದು ಇಲ್ಲೇ ಇಲ್ಲೇನು?' ಅಂದುಕೊಂಡಳು. ಆದರೆ ಅವನು ಬಾರದ ದಿನ ಮಧ್ಯಾಹ್ನವಿಡೀ ರಸ್ತೆ ನೋಡುತ್ತಿದ್ದವಳೂ ಅವಳೇ.

ಹಾರ್ನಿನ ಸ್ಕ್ರೂ ತಾನಾಗಿ ಸಡಿಲವಾಗುವುದಲ್ಲ ಅನ್ನುವುದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೂ ಪ್ರತಿಸಲ ಬಿಗಿ ಮಾಡಿ ಕೊಟ್ಟಳು... ಒಂದು ಸುತ್ತು ಕಡಿಮೆಯೇ ಬಿಗಿ ಮಾಡಿ ಕೊಟ್ಟಳು ಅಂದರೆ ನೀವು ನಗಬಾರದು.

ನಾಲ್ಕನೇ ವಾರ ತಾಯಣ್ಣ ಬಂದ. ಆದರೆ ನಗುತ್ತಾ ಬರಲಿಲ್ಲ.

ಅಂಗಡಿಯ ಮುಂದೆ ಲಾರಿ ಯಜಮಾನ ಯಂಕಣ್ಣ ಕುಳಿತಿದ್ದ. ಅವನ ಲಾರಿಯ ಡೈನಮೋ ಬಿಚ್ಚಿಟ್ಟಿತ್ತು. ಎದುರಿನ ಚಾದಂಗಡಿಯಲ್ಲಿ ಏಳೆಂಟು ಜನ. ಅಂಬಾಸಿಡರು ಧೂಳೆಬ್ಬಿಸಿಕೊಂಡು ಬಂದು ಗಕ್ಕನೆ ನಿಂತಿತು.

"ಕಾಕಾ! ಏನು ಹಾಕಿ ಕೊಟ್ರಿ ನನ್ನ ಗಾಡಿಗೆ?"

ತಾಯಣ್ಣನ ಕಣ್ಣು ಕೆಂಪಾಗಿದ್ದವು. ಎರಡು ದಿನದಿಂದ ನಿದ್ದೆ ಇಲ್ಲದ ಮುಖ. ಮೂಕಪ್ಪ ಗಾಬರಿಯಿಂದ ಎದ್ದ.

"ಏನಾತೋ ತಮ್ಮಾ?"

"ನಮ್ಮೂರ ಹಾಜಿರಾ ಬೀ ಮಗಳ ಮದುವಿ ಬಾಡಗಿ ನಂದ ಇತ್ತು. ಮದುಮಗಳನ್ನ ಮಾನವಿಗೆ ಕರಕೊಂಡು ಹೋಗಿದ್ದೆ. ಆಕಿ ಬಟ್ಟಿ ಪೆಟ್ಟಿಗಿ ಗಾಡಿಯೊಳಗ ಇತ್ತು. ಸ್ವಿಚ್ ಹಾಕೀನಿ, ಬಾಗಿಲಾ ಹಾಕೀನಿ, ಊಟಕ್ಕ ಕೂತೀನಿ. ಬಂದು ನೋಡಿದ್ರ ಬಾಗಿಲಾ ತೆರದದ, ಪೆಟ್ಟಿಗಿ ಇಲ್ಲ! ಆ ಡಬ್ಬಿ ಒಂದು ಸಲ ಕುಯ್ ಅನ್ನಲಿಲ್ಲ ಕಾಕಾ! ಒಂದು ಸಲ!"

"ಹಂಗ ಆಗೂದು ಸಾಧ್ಯ ಇಲ್ಲೋ..."

"ಆ ಹುಡುಗಿ ಅತ್ತಿ ಮನಿಗೆ ಉಟ್ಟ ಸೀರಿಮ್ಯಾಲ ಹೋದಳು. 'ಭರೋಸಾ ಇಟ್ಟಿದ್ದೆ ಬೇಟಾ' ಅಂದ್ರು ಹಾಜಿರಾ ಬೀ. ಅಷ್ಟ ಅಂದ್ರು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು!"

"ಚಂದಾಗಿ ಹಾಕಿದ್ವಲ್ಲೋ ತಮ್ಮಾ, ನೀನ ಏನಾರ..."

"ನಾ ಏನು ಮಾಡೀನಿ? ನಾ ಏನು ಮಾಡೀನಿ ಕಾಕಾ?" ತಾಯಣ್ಣ ಕೂಗಿಬಿಟ್ಟ. "ಹೆಣ್ಣುಮಗಳ ಕೈಲಿ ವೈರಿಂಗ್ ಮಾಡಿಸಿ, ನಾ ಮಾಡೀನಿ ಅಂತ ಕೊಟ್ಟವರು ನೀವು! ಹಿಂಗಾಗದ ಮತ್ತೇನಾಗ್ತದ?"

ಮಾತು ಬಾಯಿಂದ ಬಿತ್ತು. ಬಿದ್ದ ಮೇಲೆ ಏನು ಮಾಡಲಿಕ್ಕಾಗುತ್ತದೆ?

ಚಾದಂಗಡಿಯ ಜನ ಗಾಜಿನ ಲೋಟ ಹಿಡಿದೇ ಎದ್ದು ನಿಂತರು. ಯಂಕಣ್ಣ ಹುಬ್ಬು ಮೇಲೇರಿಸಿದ. "ಹೆಣ್ಣುಮಗಳಾ? ಯಾವ ಹೆಣ್ಣುಮಗಳು ಮೂಕಪ್ಪ?"

ಮೂಕಪ್ಪ ತಲೆ ತಗ್ಗಿಸಿದ.

ಪರದೆ ಸರಿಯಿತು. ಮಾನಮ್ಮ ಹೊರಗೆ ಬಂದಳು. ತಾಯಣ್ಣನ ಎದುರಿಗೇ ಬಂದು ನಿಂತಳು.

"ನಾ ಮಾಡಿದ ಕೆಲಸ ಸರಿ ಅದ," ಅಂದಳು ತಾಯಣ್ಣನ ಕಣ್ಣಲ್ಲಿ ಕಣ್ಣಿಟ್ಟು.

"ಸರಿ ಇದ್ರ ಯಾಕ ಕೂಗಲಿಲ್ಲ?"

ಯಾಕೆ ಅನ್ನುವುದು ಅವಳಿಗೇ ತಿಳಿಯುತ್ತಿರಲಿಲ್ಲ. ಆವತ್ತು ಅವನ ಕೈಯಲ್ಲೇ ಕೂಗಿತ್ತಲ್ಲ!

ತಾಯಣ್ಣ ಅವಳ ಕಣ್ಣಲ್ಲಿ ತುಂಬಿದ ನೀರು ನೋಡಿದ. ತಾನು ಯಾವ ಆಣೆ ಮುರಿದೆ ಅನ್ನುವುದು ಆಗ ಹೊಳೆಯಿತು.  ಗಾಡಿ ಹತ್ತಿ ಹೊರಟುಹೋದ.

ಯಂಕಣ್ಣ ಅರ್ಧ ಗಂಟೆಯೊಳಗೆ ಲಾರಿ ಎಳೆಸಿಕೊಂಡು ಹೋದ. ಮರುದಿನ ಎರಡು ಜೀಪು ಹೋದವು. ವಾರ ಕಳೆಯುವಷ್ಟರಲ್ಲಿ ಬೇವಿನ ಮರದ ಕೆಳಗೆ ಒಂದು ಗಾಡಿಯೂ ಇರಲಿಲ್ಲ.

"ಬರೋ ಸೋಮವಾರ ಬೋರ್ಡು ಇಳಸತೀನಿ ಯವ್ವಾ," ಅಂದ ಮೂಕಪ್ಪ. "ಇನ್ನ ಸಾಕು. ನೀ ಮನಿಯಾಗ ಇರು."

ಮಾನಮ್ಮ ಎದ್ದು ಹೋಗಿ ಕಟಿಂಗ್ ಪ್ಲೇಯರು, ಟೆಸ್ಟರು ಎಲ್ಲ ಒರೆಸಿ ಡಬ್ಬಿಯಲ್ಲಿಟ್ಟಳು. ಮುಚ್ಚಳ ಹಾಕುವಾಗ ಮಾತ್ರ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಅವನು ಹಾಗೆ ಅಂದದ್ದಕ್ಕೆ ಅತ್ತಳೋ, ಅಂದವನು ಅವನೇ ಅನ್ನುವುದಕ್ಕೆ ಅತ್ತಳೋ... ಎರಡಕ್ಕೂ ಇರಬೇಕು. ಈ ಕೆಲಸ ಬಿಟ್ಟರೆ ತನ್ನಲ್ಲಿ ಮತ್ತೇನಿದೆ? ಇಡೀ ರಾಯಚೂರಿನಲ್ಲಿ ಅವಳಿಗೆ ಅವಳದು ಅಂತ ಇದ್ದದ್ದು ಅದೊಂದೇ!

ಆದರೆ ಅಳು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು ನೋಡಿ. ಅದು ಅವಳನ್ನು ಕೂರಲೂ ಬಿಡಲಿಲ್ಲ, ಉಣ್ಣಲೂ ಬಿಡಲಿಲ್ಲ.

'ಯಾಕ ಕೂಗಲಿಲ್ಲ?'

* * *

ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಮಾನಮ್ಮ ಒಬ್ಬಳೇ ದೇವದುರ್ಗಕ್ಕೆ ಹೊರಟಳು. ಅಪ್ಪನಿಗೆ ಗುಂಜಹಳ್ಳಿಯ ಚಿಕ್ಕಮ್ಮನ ಮನೆ ಅಂತ ಹೇಳಿದ್ದಳು. ಕೈಚೀಲದಲ್ಲಿ ಟೆಸ್ಟರು, ಟೇಪು. ದಾರಿಯಲ್ಲಿ ಗಬ್ಬೂರು ದಾಟುವವರೆಗೂ ಅದನ್ನು ಎದೆಗವಚಿಕೊಂಡೇ ಕುಳಿತಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು!

ದೇವದುರ್ಗದ ಬಸ್‌ಸ್ಟ್ಯಾಂಡಿನ ಹೊರಗೆ ಅಂಬಾಸಿಡರು ನಿಂತಿತ್ತು. ತಾಯಣ್ಣ ಬಾನೆಟ್ಟಿಗೆ ಒರಗಿ ಎತ್ತಲೋ ನೋಡುತ್ತಿದ್ದ. ಅವಳನ್ನು ಕಂಡವನೇ ನೆಟ್ಟಗಾದ.

"ಮಾನಮ್ಮ... ನೀವು? ಇಲ್ಲಿ? ಒಬ್ಬರ?"

"ಬಾಗಿಲಾ ತೆಗೀರಿ."

"ನನ್ನ ಮಾತು ಕೇಳ್ರಿ, ಆವತ್ತು ನಾ..."

"ಮಾತು ಆಮ್ಯಾಲ. ಮೊದಲ ಬಾಗಿಲಾ ತೆಗೀರಿ!"

ಅವನು ತೆಗೆದ. ಮಾನಮ್ಮ ತಲೆಯೆತ್ತಿ ಮೇಲೆ ನೋಡಿದಳು. ಇನ್ನೊಂದು ಬಾಗಿಲು ತಾನೇ ತೆಗೆದು ನೋಡಿದಳು. 

"ಒಳಗಿನ ಲೈಟು ಯಾಕ ಹತ್ತವಲ್ದು?"

"ಅದಾ... ಬಲ್ಬು ತೆಗದೀನಲ್ಲ."

"ಯಾವಾಗ?"

"ಮದುವಿ ದಿನ." ತಾಯಣ್ಣನಿಗೆ ಅವಳ ದನಿ ಯಾಕೆ ಹಾಗಾಯಿತು ಅನ್ನುವುದು ತಿಳಿಯಲಿಲ್ಲ. "ಗೋಷಾದ ಹೆಣ್ಣುಮಕ್ಕಳು ಕೂಡತಾರ. ಒಳಗ ಮುಸುಕು ತೆಗದು ಆರಾಮಾಗಿ ಕೂತಿರತಾರ. ಕತ್ತಲಾದ ಮ್ಯಾಲ ಬಾಗಿಲಾ ತೆಗದ್ರ ಭಗ್ ಅಂತ ಲೈಟು ಹತ್ತತದ, ನಿಂತ ಮಂದಿ ಎಲ್ಲಾ ಒಳಗ ಇಣಕತಾರ. ಅದಕ್ಕ ಮದುವಿ ಬಾಡಗಿ ಬಂದ್ರ ನಾವೆಲ್ಲಾ ಡ್ರೈವರು ಬಲ್ಬು ತೆಗದ ಹೋಗೂದು. ಮೊದಲಿಂದ ಹಂಗ ನಡಕೊಂಡು ಬಂದದ."

ಮಾನಮ್ಮ ಸೀಟಿನ ಅಂಚಿನಲ್ಲಿ ಕುಸಿದು ಕುಳಿತಳು. ನಗಬೇಕೋ ಅಳಬೇಕೋ! ಎರಡೂ ಒಟ್ಟಿಗೇ ಬಂದವು.

"ಬಲ್ಬು ಎಲ್ಲದ?"

ಡ್ಯಾಶ್‌ಬೋರ್ಡಿನ ಖಾನೆಯಿಂದ ಅವನು ತೆಗೆದುಕೊಟ್ಟ. ಅವಳು ಹಾಕಿದಳು. ಬಾಗಿಲು ಮುಚ್ಚಿ, ಕಿಟಕಿಯೊಳಗಿಂದ ಕೈ ಹಾಕಿ ಸ್ವಿಚ್ಚು ಒತ್ತಿದಳು. "ಈಗ ತೆಗೀರಿ."

ಪೀಂ... ಪೀಂ... ಪೀಂ...!

ಬಸ್‌ಸ್ಟ್ಯಾಂಡಿನ ಜನವೆಲ್ಲ ಓಡಿಬಂದರು. ಮಾನಮ್ಮ ಕೂಗು ನಿಲ್ಲಿಸಿದಳು, ಬಲ್ಬು ಕಿತ್ತಳು, ಬಾಗಿಲು ಮುಚ್ಚಿದಳು, ಸ್ವಿಚ್ಚು ಹಾಕಿದಳು. "ಈಗ ತೆಗೀರಿ."

ಸದ್ದಿಲ್ಲ.

ತಾಯಣ್ಣನ ಮುಖ ಬಿಳಿಚಿಕೊಂಡಿತು.

"ಲೈಟು ಹತ್ತಿದಾಗ ಬ್ಯಾಟರಿ ಪವರು ಎಳ್ಳಷ್ಟು ಕುಸೀತದ," ಅಂದಳು ಮಾನಮ್ಮ. "ಆ ಕುಸಿಯೂದನ್ನ ಹಿಡದು ಡಬ್ಬಿ ಕೂಗ್ತದ. ಲೈಟೇ ಇಲ್ಲಂದ್ರ ಅದಕ್ಕ ಬಾಗಿಲಾ ತೆಗದದ್ದು ಗೊತ್ತ ಆಗೂದಿಲ್ಲ. ಇದನ್ನ ಆವತ್ತ ಹೇಳಾಕ ಬಾಯಿ ತೆಗದಿದ್ದೆ. ಯಪ್ಪ ಕೆಮ್ಮಿದ. ನಾ ಪರದಿ ಹಿಂದ ಓಡಿದೆ. ಹೇಳದ ಓಡಿದ್ದು ನನ್ನ ತಪ್ಪು, ಒಪ್ಪತೀನಿ. ಆದ್ರ ನನ್ನ ಕೈ ತಪ್ಪು ಮಾಡಿಲ್ಲ."

"ತಪ್ಪೆಲ್ಲಾ ನಂದ್ರಿ..." ತಾಯಣ್ಣ ತಲೆ ತಗ್ಗಿಸಿದ. "ಆವತ್ತಿಂದ ನಾ ಒಂದು ತುತ್ತು ನೆಟ್ಟಗ ಉಂಡಿಲ್ಲ. ದಿನಾ ಹೊರಡತೀನಿ, ಅರ್ಧ ದಾರಿಗೆ ತಿರುಗಿ ಬರತೀನಿ. ನಿಮ್ಮ ಮುಂದ ನಿಲ್ಲಾಕ ಮುಖ ಇಲ್ಲ ನನಗ. ಮಾಫ್ ಮಾಡ್ರಿ..."

ಅವಳಿಗೆ ಆ ಕ್ಷಣ ಅವನ ತಲೆಯ ಮೇಲೆ ಕೈಯಿಡಬೇಕು ಅನ್ನಿಸಿತು. ಯಾರದೋ ಮನೆಯ ಹೆಣ್ಣುಮಕ್ಕಳ ಮುಖದ ಮೇಲೆ ಕೆಟ್ಟ ಕಣ್ಣು ಬೀಳಬಾರದು ಅಂತ ಬಲ್ಬು ಕಿತ್ತವನು ಇವನು! ಇಂಥವನ ಮೇಲೆ ಹೇಗೆ ಸಿಟ್ಟಾಗುವುದು? ಆದರೂ ಅವಳು ಎದ್ದು ನಿಂತಳು.

"ಇಲ್ಲಿ ಮಾಫಿ ಕೇಳಿದ್ರ ಏನು ಬಂತು? ನೀವು ಅಂದದ್ದು ಸ್ಟೇಷನ್ ರಸ್ತೆದಾಗ. ನಾಳೆ ನಮ್ಮಪ್ಪ ಅಂಗಡಿ ಬೋರ್ಡು ಇಳಸತಾನ."

"ಗಾಡಿ ಹತ್ತ್ರಿ, ಈಗಿಂದೀಗ ಕರಕೊಂಡು..."

"ಬ್ಯಾಡ. ಬಸ್ಸದ."

ಹಿಂದಕ್ಕೆ ನೋಡದೆ ನಡೆದಳು. ನೋಡಿದ್ದರೆ ಅಲ್ಲೇ ಸೋತುಹೋಗುತ್ತಿದ್ದಳು.

* * *

ಸೋಮವಾರ ಹತ್ತು ಗಂಟೆ. ಮೂಕಪ್ಪ ಏಣಿ ತರಿಸಿದ್ದ. ಎದುರಿನ ಚಾದಂಗಡಿಯಲ್ಲಿ ಯಂಕಣ್ಣನ ಸಮೇತ ಎಲ್ಲರೂ ತಮಾಷೆ ನೋಡಲು ಕುಳಿತಿದ್ದರು. ಮಾನಮ್ಮ ಪರದೆಯ ಹಿಂದೆ ಕಿವಿ ಮುಚ್ಚಿಕೊಂಡಿದ್ದಳು.

ಮುಚ್ಚಿದ ಕಿವಿಗೂ ಕೇಳಿಸಿತು.

ಪೀಂ... ಪೀಂ... ಪೀಂ... ಪೀಂ...!

ಸ್ಟೇಷನ್ ಕಡೆಯಿಂದ ಅಂಬಾಸಿಡರು ಕೂಗುತ್ತಾ ಬರುತ್ತಿತ್ತು! ದಾರಿಯುದ್ದಕ್ಕೂ ಕೂಗುತ್ತಲೇ ಬಂದಿತ್ತು. ಹಿಂದೆ ಮಕ್ಕಳು, ಸೈಕಲ್ಲುಗಳು, ಅರ್ಧ ರಸ್ತೆಯೇ ಬೆನ್ನಟ್ಟಿ ಬಂದಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಸದ್ದು ಅಡಗಿಸಿ, ತಾಯಣ್ಣ ಇಳಿದ. ಹಿಂದಿನ ಸೀಟಿನಿಂದ ಬುರ್ಖಾ ತೊಟ್ಟ ಹಾಜಿರಾ ಬೀ ಇಳಿದರು.

"ಎಲ್ಲಾರೂ ಕೇಳ್ರಿ!" ತಾಯಣ್ಣ ಕೂಗಿದ. "ಆವತ್ತು ಇಲ್ಲೇ ನಿಂತು ನಾ ಒಂದು ಮಾತು ಅಂದಿದ್ದೆ. ಅದು ಸುಳ್ಳು! ಈ ಕೆಲಸ ಮಾಡಿದಾಕಿ ಮಾನಮ್ಮ. ಕೂದಲೆಳಿಯಷ್ಟು ತಪ್ಪು ಇಲ್ಲ ಅದರಾಗ. ಬಲ್ಬು ಕಿತ್ತು ಕೆಡಿಸಿದಾವ ನಾನು!"

"ಕೀಳಸಿದಾಕಿ ನಾನು," ಅಂದರು ಹಾಜಿರಾ ಬೀ, ಸೊಂಟದ ಮೇಲೆ ಕೈಯಿಟ್ಟು. "ಲೈಟ್ ತೆಗಿ ಬೇಟಾ, ಹೆಣ್ಣುಮಕ್ಕಳು ಇದ್ದಾರ ಅಂತ ನಾನೇ ಹೇಳಿದ್ದು. ಪೆಟ್ಟಿಗಿ ಕಾಲುವಿ ದಂಡಿಗೆ ಸಿಕ್ತು, ಬಟ್ಟಿ ಎಲ್ಲಾ ಅವ. ಆ ಹುಡುಗಿದು ಏನು ಗುನ್ಹೆ? ಎಲ್ಲಿದ್ದಾಳ ಆಕಿ?"

ಯಂಕಣ್ಣ ಲೋಟ ಕೆಳಗಿಟ್ಟು ನಕ್ಕ. "ಅಲ್ಲೋ ತಾಯಣ್ಣ, ಅಷ್ಟ ಭರೋಸಾ ಇದ್ರ ಮತ್ತ ಆಕಿ ಕೈಗೆ ಗಾಡಿ ಕೊಡತೀಯೇನು?"

"ಅದಕ್ಕ ಬಂದೀನಿ!" ತಾಯಣ್ಣ ಚಾವಿ ಎತ್ತಿ ಹಿಡಿದ. "ಆ ಮೂರನೇ ವೈರು ಇವತ್ತ ಹಾಕಸತೀನಿ. ನಾಕೂ ಬಾಗಿಲಿಗೆ. ಮಾನಮ್ಮ, ಎಲ್ಲಿ ಬೇಕಾದ್ರೂ ಕತ್ತರಿಸ್ರಿ, ಎಲ್ಲಿ ಬೇಕಾದ್ರೂ ಸುಲೀರಿ. ಎಲ್ಲರ ಮುಂದ ಮಾಡ್ರಿ!"

ಮಾನಮ್ಮ ಪರದೆಯ ಅಂಚು ಹಿಡಿದು ನಿಂತಿದ್ದಳು.  ಅಪ್ಪನ ಮುಖ ನೋಡಿದಳು.

ಮೂಕಪ್ಪ ಏಣಿ ಬಿಟ್ಟು ಬಂದ. ಎಡಗೈಯಿಂದ ಆ ಪರದೆ ಹಿಡಿದು ಜಗ್ಗಿದ. ತಂತಿಯ ಸಮೇತ ಕಿತ್ತು ಬಂತು.

"ಎರಡು ವರ್ಷದಿಂದ ನಾ ನಿಮ್ಮೆಲ್ಲರಿಗೆ ಸುಳ್ಳು ಹೇಳೀನಿ," ಅಂದ. ದನಿ ಒಡೆದಿತ್ತು. "ನನ್ನ ಕೈ ಎಂದೋ ಹೋಗ್ಯದ. ಮಾಡಿದಾಕಿ ನನ್ನ ಮಗಳು. ಯಂಕಣ್ಣ, ಹೋದ ವರ್ಷ ನಿನ್ನ ಲಾರಿ ಹೈದರಾಬಾದಿಗೆ ಹೋಗಿ ಬಂತಲ್ಲ, ಆ ವೈರಿಂಗ್ ಪೂರಾ ಯಾರು ಕಟ್ಟಿದ್ರು ಅಂತ ತಿಳದಿ?"

ಯಂಕಣ್ಣ ತಲೆ ಕೆರೆದುಕೊಂಡ. ಆ ವೈರಿಂಗ್ ಇವತ್ತಿನವರೆಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ.

"ಹೋಗು ಯವ್ವಾ," ಅಂದ ಮೂಕಪ್ಪ. "ತಗೋ ಚಾವಿ."

ಮಾನಮ್ಮ ಹೋಗಿ ತಗೊಂಡಳು. ಇಡೀ ಸ್ಟೇಷನ್ ರಸ್ತೆಯ ಮುಂದೆ, ಬೆಳಿಗ್ಗೆ ಹತ್ತೂವರೆಗೆ, ತಲೆಯ ಮೇಲೆ ಸೆರಗು ಬಿಗಿದುಕೊಂಡು ಅವಳು ಅಂಬಾಸಿಡರಿನೊಳಗೆ ನುಗ್ಗಿದಳು. ಮುಂದಿನ ಬಾಗಿಲ ಕಂಬದ ಗುಂಡಿ ಸ್ವಿಚ್ಚು ಬಿಚ್ಚಿದಳು, ವೈರು ಸುಲಿದಳು, ಮೂರನೇ ವೈರು ಕೂಡಿಸಿದಳು. ಬಲ್ಬಿಲ್ಲದೆ ಮುಂದಿನ ಎರಡೂ ಬಾಗಿಲು ತೆಗೆದು ತೋರಿಸಿದಾಗ ಎರಡೂ ಸಲ ಕೂಗಿತು! ಜನ ಹೋ ಅಂದರು. ಹಾಜಿರಾ ಬೀ ಅವಳ ಹಣೆಗೆ ಲಟಿಕೆ ಮುರಿದು ದೃಷ್ಟಿ ತೆಗೆದರು. ಯಂಕಣ್ಣ ಮೆಲ್ಲಗೆ ಬಂದು ಮೂಕಪ್ಪನ ಕಿವಿಯಲ್ಲಿ ಕೇಳಿದ. "ಡೈನಮೋ... ನಾಳೆ ತರ್ಲೇನು?"

"ನನ್ನ ಯಾಕ ಕೇಳತಿ? ಆಕಿನ್ನ ಕೇಳು," ಅಂದ ಮೂಕಪ್ಪ.

ಹಿಂದಿನ ಎರಡು ಬಾಗಿಲು ಉಳಿದಿದ್ದವು. ಅದು ಬೇಸರದ ಕೆಲಸ. ಜನ ಒಬ್ಬೊಬ್ಬರೇ ಕರಗಿದರು. ಹಾಜಿರಾ ಬೀ ನೆರಳಿಗೆ ಕುಳಿತು ಮೂಕಪ್ಪನೊಂದಿಗೆ ಮಾತಿಗೆ ತೊಡಗಿದರು. ಮಾನಮ್ಮ ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ. ಪಕ್ಕದಲ್ಲಿ ಮಂಡಿಯೂರಿ, ಟಾರ್ಚು ಹಿಡಿದು, ತಾಯಣ್ಣ.

"ನಿಮ್ಮ ತಪ್ಪು ನೀವು ತಿದ್ದಿಕೊಂಡ್ರಿ," ಅಂದಳು ಅವಳು, ವೈರಿನಿಂದ ಕಣ್ಣು ಕೀಳದೆ. "ಇನ್ನ ನೀವು ಇಲ್ಲಿತನ ಬರೋ ಕಾರಣ ಇಲ್ಲ."

 ಅವನು ಏನನ್ನುತ್ತಾನೋ! ತಪ್ಪಿಗೆ ಪ್ರಾಯಶ್ಚಿತ್ತ ಮಾಡಲು ಬಂದವನು, ಮುಗಿಸಿ ಹೋದರೆ?

"ಅದೊಂದಕ್ಕ ಬಂದೀನಿ ಅಂತ ತಿಳದಿರೇನು?"

"ಮತ್ತ?"

"ಮೂರು ವಾರ ಆ ಹಾರ್ನು ನಾನ ಕೆಡಿಸಿಕೊಂಡು ಬಂದೀನಿ ಮಾನಮ್ಮ."

"ಗೊತ್ತು."

"ಗೊತ್ತಾ?!"

"ಸ್ಕ್ರೂಡ್ರೈವರ್ ಗೀರು ಕಾಣೂದಿಲ್ಲೇನು? ನಾನೂ ಪೂರಾ ಬಿಗಿ ಮಾಡಿಲ್ಲ."

 ತಾಯಣ್ಣನ ಟಾರ್ಚಿನ ಬೆಳಕು ಗಡಗಡ ನಡುಗತೊಡಗಿತು.

"ಮಾನಮ್ಮ... ನನಗ ನೀವು ಬೇಕು. ಆವತ್ತು ಮಸಿ ಹತ್ತಿದ ಮುಖ ಎತ್ತಿ ನೋಡಿದ್ರಲ್ಲ, ಆವಾಗಿಂದ. ನಮ್ಮವ್ವನ ಕರಕೊಂಡು ಬಂದು ನಿಮ್ಮಪ್ಪನ್ನ ಕೇಳಲೇನು?"

ಅವಳ ಕೈ ನಿಂತಿತು.

"ಮದುವಿ ಆದ್ರ ಅಂಗಡಿ ಬಿಡಬೇಕು ಅಂತಾರ ನಿಮ್ಮ ಮಂದಿ."

"ಅಂದವರಿಗೆ ನಾ ಜವಾಬು ಕೊಡತೀನಿ. ನನ್ನ ಗಾಡಿ ಇಲ್ಲೇ ರಾಯಚೂರು ಸ್ಟೇಷನ್ನಿಗೆ ಹಚ್ಚತೀನಿ. ನೀವು ಇಲ್ಲೇ ಇರ್ರಿ, ನಿಮ್ಮ ಅಂಗಡಿ ಇರ್ಲಿ, ಕಾಕಾ ಇರ್ಲಿ. ನಾ ಬರತೀನಿ ನಿಮ್ಮ ಕಡಿ."

ಮಾನಮ್ಮನ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನೇ ಬೆರಳ ತುದಿಯಿಂದ, ಹೆದರಿ ಹೆದರಿ, ಒರೆಸಿದ. ಅವಳು ಬೇಡ ಅನ್ನಲಿಲ್ಲ.

"ಅವ್ವನ ಶುಕ್ರವಾರ ಕರಕೊಂಡು ಬರ್ರಿ," ಅಂದಳು ಮೆಲ್ಲಗೆ. "ಯಪ್ಪಗ ನಾ ಇವತ್ತ ಹೇಳತೀನಿ."

"ಖರೇನಾ?!" ತಾಯಣ್ಣ ಎಷ್ಟು ಜೋರಾಗಿ ಎದ್ದನೆಂದರೆ ಬೆಳಕು ಎತ್ತಲೋ ಹೋಯಿತು.

"ಟಾರ್ಚು, ಟಾರ್ಚು! ಇಲ್ಲಿ ಹಿಡೀರಿ, ಏನೂ ಕಾಣವಲ್ದು ನನಗ."

ಅವನು ಮತ್ತೆ ಮಂಡಿಯೂರಿ, ಎರಡೂ ಕೈಯಲ್ಲಿ ಟಾರ್ಚು ಹಿಡಿದು, ಅವಳ ಬೆರಳುಗಳ ಮೇಲೆ ಬೆಳಕು ಬಿಟ್ಟ.

"ಎಷ್ಟೊತ್ತು ಹಿಡೀಲಿ?"

"ನಾ ಸಾಕು ಅನ್ನೂತನಕ."

"ಅನ್ನಬ್ಯಾಡ್ರಿ ಹಂಗಂದ್ರ."

"ಅನ್ನೂದಿಲ್ಲ," ಅಂದಳು ಮಾನಮ್ಮ.